ಸಲಹೆ ಸಾಕು, ಲೆಕ್ಕ ತೋರಿಸಿ

(ರೈತರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಲೆಯ ವಿಚಾರ, ಸಾಲದ ವಿಚಾರ ನೀವು ನಮ್ಮ ಪತ್ರಿಕೆಯಲ್ಲಿ ತಿಂಗಳು ತಿಂಗಳೂ ಓದುತ್ತೀರಿ. ಇವತ್ತು ಅದರ ಬುಡಕ್ಕೆ ಹೋಗೋಣ. ಸೊಸೈಟಿಯಲ್ಲೋ, ಬ್ಯಾಂಕಿನಲ್ಲೋ, ಅದೂ ಸಿಗದಿದ್ದರೆ ಮಂಡಿ ಸಾಹುಕಾರನ ಹತ್ತಿರವೋ ಸಾಲ ತಂದು ಬೀಜ ಕೊಳ್ಳುತ್ತೀರಿ. ಎಕರೆಗೆ ಇಷ್ಟು ಕ್ವಿಂಟಾಲ್ ಗ್ಯಾರಂಟಿ ಅಂತ ಅಂಗಡಿಯವನು ಹೇಳ್ತಾನೆ. ಪಾಕೀಟಿನ ಮೇಲಿನ ಚಿತ್ರವೂ ಅದನ್ನೇ ಹೇಳುತ್ತದೆ. ಆ 'ಇಷ್ಟು' ಅನ್ನುವುದು ಎಲ್ಲಿಂದ ಬಂತು? ಯಾವ ಊರಿನ ಯಾವ ಮಣ್ಣಿನಲ್ಲಿ, ಎಷ್ಟು ನೀರು ಕೊಟ್ಟು, ಯಾವ ವರ್ಷ ಬೆಳೆದು ತೂಗಿದರು? ಆ ಲೆಕ್ಕ ಇದೆ ಸ್ವಾಮಿ. ಯಾವುದೋ ವಿಶ್ವವಿದ್ಯಾಲಯದ, ಯಾವುದೋ ಇಲಾಖೆಯ ಕಡತದಲ್ಲಿ ಇದೆ. ನಿಮಗೆ ಬರುವುದು ಅದರ ಕೊನೆಯ ಸಾಲು ಮಾತ್ರ, ಅಂದರೆ ಸಲಹೆ. ಸಲಹೆ ತಪ್ಪಿದರೆ ಸಾಲ ನಿಮ್ಮದು. ಸಲಹೆ ಕೊಟ್ಟವರ ಸಂಬಳದಲ್ಲಿ ಒಂದು ಕಾಸೂ ಕಡಿಮೆಯಾಗುವುದಿಲ್ಲ.

ಸರ್ಕಾರದ ದುಡ್ಡಿನಲ್ಲಿ ಹುಟ್ಟಿದ ವಿಜ್ಞಾನದ ಮಾಹಿತಿ ಯಾರಿಗೆ ಸೇರಬೇಕು ಅನ್ನುವ ಪ್ರಶ್ನೆ ಹೊಸದಲ್ಲ. ಇದಕ್ಕೆ ನೂರೈವತ್ತು ವರ್ಷಕ್ಕೂ ಮೀರಿದ ಚರಿತ್ರೆ ಇದೆ. ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಮಾದರಿ ಬಂದದ್ದು ಅಮೆರಿಕದಿಂದ. ಆದ್ದರಿಂದ ಅಲ್ಲಿಂದಲೇ ನೋಡಬೇಕು.

1862ರಲ್ಲಿ, ಅಂತರ್ಯುದ್ಧದ ನಡುವೆ, ಅಬ್ರಹಾಂ ಲಿಂಕನ್ ತಮ್ಮ ದೇಶಕ್ಕೊಂದು ಕೃಷಿ ಇಲಾಖೆ ಮಾಡಿದರು. ಆ ಇಲಾಖೆಯ ಕೆಲಸ ಏನು ಅಂತ ಕಾನೂನಿನಲ್ಲೇ ಬರೆದರು: ಬೇಸಾಯಕ್ಕೆ ಉಪಯುಕ್ತವಾದ ಮಾಹಿತಿಯನ್ನು ಸಂಪಾದಿಸುವುದು ಮತ್ತು ಜನರಲ್ಲಿ ಹರಡುವುದು. ಸಂಪಾದಿಸಿ ಇಟ್ಟುಕೊಳ್ಳುವುದು ಅಂತ ಬರೆಯಲಿಲ್ಲ, ಗಮನಿಸಿ. ಅದೇ ವರ್ಷ ಕೃಷಿ ಕಾಲೇಜುಗಳಿಗೆ ಸರ್ಕಾರಿ ಜಮೀನು ಕೊಡುವ ಕಾನೂನೂ ಬಂತು. 1887ರಲ್ಲಿ ಹ್ಯಾಚ್ ಕಾಯಿದೆ ಬಂತು. ಪ್ರತಿ ರಾಜ್ಯದ ಪ್ರಯೋಗ ಕೇಂದ್ರಕ್ಕೆ ವರ್ಷಕ್ಕೆ 15,000 ಡಾಲರ್ ಕೊಟ್ಟು, ಜೊತೆಗೆ ಒಂದು ಷರತ್ತು ಹಾಕಿದರು. ಮೂರು ತಿಂಗಳಿಗೆ ಒಮ್ಮೆಯಾದರೂ ಪ್ರಯೋಗದ ವರದಿ ಅಚ್ಚಾಗಬೇಕು. ಒಂದು ಪ್ರತಿ ರಾಜ್ಯದ ಪ್ರತಿ ಪತ್ರಿಕೆಗೆ ಹೋಗಬೇಕು. ಸ್ವತಃ ಬೇಸಾಯ ಮಾಡುವ ಯಾವನೇ ರೈತ ಕೇಳಿದರೂ, ಕೇಂದ್ರದ ಕೈಲಾದ ಮಟ್ಟಿಗೆ, ಅವನಿಗೂ ಕಳಿಸಬೇಕು. ಅಂಚೆ ಖರ್ಚು ಸರ್ಕಾರದ್ದು, ರೈತ ಚೀಟಿ ಅಂಟಿಸಬೇಕಾಗಿಲ್ಲ. 1887ರಲ್ಲಿ! ರೇಡಿಯೋ ಇರಲಿಲ್ಲ, ಫೋನು ಊರೂರಿಗೆ ಬಂದಿರಲಿಲ್ಲ. ಆದರೂ ಮನಸ್ಸಿತ್ತು.

ಅವರೆಲ್ಲ ಸತ್ಯಹರಿಶ್ಚಂದ್ರರಾಗಿದ್ದರು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ರೈತನಿಗೆ ವೋಟಿತ್ತು, ಒಗ್ಗಟ್ಟಿತ್ತು; ಶಾಸನಸಭೆಯಲ್ಲಿ ಕೂತವರು ಅವನಿಗೆ ಹೆದರುತ್ತಿದ್ದರು.

ನಮ್ಮ ಮೈಸೂರು ಸಂಸ್ಥಾನದಲ್ಲಿ ಅಂಥ ಕಾನೂನು ಇರಲಿಲ್ಲ. ಆದರೂ ಒಳ್ಳೆಯ ಒಂದು ಉದಾಹರಣೆ ಇದೆ. ಕೆನಡಾ ದೇಶದ ಲೆಸ್ಲಿ ಕೋಲ್ಮನ್ 1908ರಲ್ಲಿ ಇಲ್ಲಿನ ಕೃಷಿ ಇಲಾಖೆಗೆ ಸೇರಿದರು, ಮುಂದೆ ಅದರ ನಿರ್ದೇಶಕರಾದರು. ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗ. ಮಳೆಗಾಲಕ್ಕೆ ಮುಂಚೆ ಗೊನೆಗೊನೆಗೂ ಕೊಟ್ಟೆ ಕಟ್ಟಿ ಕಾಪಾಡಿಕೊಳ್ಳುವ ಕಾಲ ಅದು. ರೋಗಕ್ಕೆ ಕಾರಣ ಒಂದು ಶಿಲೀಂಧ್ರ ಎಂದು ಕೋಲ್ಮನ್ ತೋರಿಸಿದರು. ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಹೊಡೆಯುವುದನ್ನು ತೋಟಗಳಲ್ಲಿ ಬಳಕೆಗೆ ತಂದರು. ಆ ದ್ರಾವಣವೂ ಅವರ ಸ್ವಂತದ್ದಲ್ಲ. ಫ್ರಾನ್ಸಿನ ಮಿಯಾರ್ದೆ ಎಂಬ ವಿಜ್ಞಾನಿ ದ್ರಾಕ್ಷಿಯ ರೋಗಕ್ಕೆ ಅದನ್ನು ಪ್ರಯೋಗಿಸಿ 1885ರಲ್ಲಿ ಅಳತೆ ಸಮೇತ ಪ್ರಕಟಿಸಿದ್ದರು. ಈಗಿನ ಅಳತೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇವತ್ತಿಗೂ ತೀರ್ಥಹಳ್ಳಿಯಲ್ಲೋ ಸಿರಸಿಯಲ್ಲೋ ಅಡಿಕೆ ಬೆಳೆಗಾರ ಅದನ್ನು ಮನೆಯಂಗಳದಲ್ಲಿ ಡ್ರಮ್ಮಿನಲ್ಲಿ ಕಲಸಿಕೊಳ್ಳುತ್ತಾನೆ. ಯಾವ ಕಂಪನಿಗೂ ರಾಯಧನ ಕಟ್ಟುವುದಿಲ್ಲ. ಯಾಕೆಂದರೆ ಅಳತೆ ಬಯಲಿನಲ್ಲಿತ್ತು.

ಸ್ವಾತಂತ್ರ್ಯದ ನಂತರ ಏನಾಯಿತು? 1929ರಲ್ಲಿ ಬ್ರಿಟಿಷರು ಕಟ್ಟಿದ ಕೃಷಿ ಸಂಶೋಧನಾ ಮಂಡಳಿಯೇ ಹೆಸರು ಬದಲಿಸಿಕೊಂಡು ಮುಂದುವರಿಯಿತು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಬಂತು, ಗ್ರಾಮಸೇವಕ ಸೈಕಲ್ ಹತ್ತಿ ಊರಿಗೆ ಬಂದ. 1964ರಲ್ಲಿ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ ಶುರುವಾಯಿತು, ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ನೆರವಿನಿಂದ. ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕು ಎಂಬ ಮಾದರಿಯನ್ನು ಅಲ್ಲಿಂದ ತಂದರು. ಆದರೆ ರೈತ ಕೇಳಿದರೆ ಪ್ರಯೋಗದ ವರದಿಯನ್ನು ಪುಕ್ಕಟೆ ಅಂಚೆಯಲ್ಲಿ ಕಳಿಸಬೇಕೆಂಬ 1887ರ ಆ ಷರತ್ತು ಹಡಗು ಹತ್ತಲಿಲ್ಲ. 1967ರ ಜನವರಿ 26ರಂದು ದೆಹಲಿ ದೂರದರ್ಶನದಲ್ಲಿ 'ಕೃಷಿ ದರ್ಶನ' ಶುರುವಾಯಿತು. 1970ರ ದಶಕದ ಕೊನೆಗೆ ವಿಶ್ವಬ್ಯಾಂಕಿನ ದುಡ್ಡಿನಲ್ಲಿ ತರಬೇತಿ ಮತ್ತು ಭೇಟಿ ಪದ್ಧತಿ ಬಂತು. ಊರಿಗೆ ಕೆಲವರು 'ಸಂಪರ್ಕ ರೈತ'ರು, ಅವರಿಗೆ ಹೇಳಿದರೆ ಮಿಕ್ಕವರಿಗೆ ಇಳಿದು ಬರುತ್ತದಂತೆ. ಇಳಿದು ಬಂದದ್ದು ಎಷ್ಟು ಅಂತ ನಿಮಗೇ ಗೊತ್ತು. 2004ರಲ್ಲಿ ಕಿಸಾನ್ ಕಾಲ್ ಸೆಂಟರ್ ಆಯಿತು.

ಇದರಿಂದ ಒಳ್ಳೆಯದಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಮಾಡಿದ ಇಂಡಾಫ್ ರಾಗಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಸೇರಿನಲ್ಲಿ ಅಳೆದುಕೊಂಡು ಹೋಯಿತು. ಅದಕ್ಕೆ ಕಾಲ್ ಸೆಂಟರೂ ಬೇಕಾಗಲಿಲ್ಲ. ಆದರೆ ಒಟ್ಟು ಪದ್ಧತಿಯನ್ನು ನೋಡಿ. ಗ್ರಾಮಸೇವಕನಿಂದ ಕಾಲ್ ಸೆಂಟರಿನವರೆಗೆ ಎಲ್ಲವೂ ಮೇಲಿನಿಂದ ಕೆಳಕ್ಕೆ. 'ಇದನ್ನು ಹಾಕು, ಇಷ್ಟು ಹಾಕು.' ಯಾಕೆ ಅಂತ ಕೇಳಿದರೆ ಉತ್ತರ ಕೊಡುವ ವ್ಯವಸ್ಥೆ ಮಾಡಲಿಲ್ಲ.

ಇಷ್ಟರಲ್ಲಿ ಅಮೆರಿಕದಲ್ಲೇ ಗಾಳಿ ತಿರುಗಿತು. 1980ರಲ್ಲಿ ಬೇ-ಡೋಲ್ ಕಾಯಿದೆ ಮಾಡಿ, ಸರ್ಕಾರದ ದುಡ್ಡಿನಲ್ಲಿ ಆದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಂಡು ಕಂಪನಿಗಳಿಗೆ ಗುತ್ತಿಗೆ ಕೊಡಬಹುದು ಎಂದರು. ಅದೇ ವರ್ಷ ಅಲ್ಲಿನ ಸುಪ್ರೀಂ ಕೋರ್ಟು, ಮನುಷ್ಯ ಮಾರ್ಪಡಿಸಿದ ಜೀವಾಣುವಿಗೂ ಪೇಟೆಂಟು ಕೊಡಬಹುದೆಂದು ತೀರ್ಪಿತ್ತಿತು. ಲಿಂಕನ್ ಕಾಲದ 'ಹರಡಬೇಕು' ಹೋಗಿ 'ಮಾರಬಹುದು' ಬಂತು. ನಮ್ಮಲ್ಲೂ ಅದೇ ಅಚ್ಚಿನ ಒಂದು ಮಸೂದೆಯನ್ನು 2008ರಲ್ಲಿ ರಾಜ್ಯಸಭೆಗೆ ತಂದರು. ಅದು ಕಾಯಿದೆಯಾಗಲಿಲ್ಲ. ಆದರೆ ಮಾಹಿತಿ ಎಂದರೆ ಸರಕು ಎಂಬ ಬುದ್ಧಿ ಮಾತ್ರ ಕಾಯಿದೆ ಇಲ್ಲದೆಯೇ ಬಂದು ಕೂತಿದೆ.

ಅದು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಬಿಟಿ ಬದನೆಯ ಪ್ರಕರಣ ನೋಡಬೇಕು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಾಯಿಕೊರಕ ಹುಳುವನ್ನು ತಡೆಯುವ ಜೀನನ್ನು ಬದನೆಗೆ ಸೇರಿಸಿದ್ದು ಮಹೀಕೋ ಕಂಪನಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಆ ಯೋಜನೆಯಲ್ಲಿ ಪಾಲುದಾರ. ಮಾಲಾಪುರ, ಮಂಜರಿ ಗೋಟ, ಉಡುಪಿ ಗುಳ್ಳದಂಥ ನಮ್ಮ ಕಡೆಯ ತಳಿಗಳಿಗೇ ಆ ಜೀನು ಸೇರಿಸಿದರು. ಇದನ್ನು ಜನ ತಿನ್ನಬಹುದೇ, ವಿಷವೇನಾದರೂ ಇದೆಯೇ, ಮೈಗೆ ಒಗ್ಗದೆ ಹೋಗುತ್ತದೆಯೇ ಎಂಬ ಪರೀಕ್ಷೆಗಳನ್ನು ಮಾಡಿಸಿದ್ದು ಕಂಪನಿ. ಫಲಿತಾಂಶ ಸರ್ಕಾರದ ಕೈಸೇರಿತು. 2005ರಲ್ಲಿ ಮಾಹಿತಿ ಹಕ್ಕು ಕಾಯಿದೆ ಬಂದಿತ್ತಲ್ಲ, ಅದರಡಿ 2006ರಲ್ಲಿ ಗ್ರೀನ್‌ಪೀಸ್ ಸಂಸ್ಥೆಯ ಕಡೆಯಿಂದ ಒಂದು ಅರ್ಜಿ ಬಿತ್ತು: ಆ ಫಲಿತಾಂಶ ಕೊಡಿ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಒಪ್ಪಲಿಲ್ಲ. ವಾಣಿಜ್ಯ ರಹಸ್ಯವಂತೆ! ತಿನ್ನುವವನು ತಾನು ತಿನ್ನುವುದರ ಪರೀಕ್ಷೆ ಹೇಗಾಯಿತು ಅಂತ ಕೇಳಿದರೆ ಅದು ಕಂಪನಿಯ ಗುಟ್ಟು. 2007ರಲ್ಲಿ ಕೇಂದ್ರ ಮಾಹಿತಿ ಆಯೋಗ ಬಹಿರಂಗ ಮಾಡಿ ಎಂದಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. ಕಡೆಗೆ 2008ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಆ ಕಾಗದಗಳು ಹೊರಬಿದ್ದವು.

ಹೊರಬಿದ್ದ ಮೇಲೆ ಏನಾಯಿತು ಅನ್ನುವುದು ಮುಖ್ಯ. ದೇಶ ವಿದೇಶಗಳ ವಿಜ್ಞಾನಿಗಳು ಓದಿದರು, ಇದು ಸಾಕು ಎಂದವರೂ ಇದ್ದರು, ಸಾಲದು ಎಂದವರೂ ಇದ್ದರು. 2009ರ ಅಕ್ಟೋಬರ್ 14ರಂದು ಸರ್ಕಾರದ ಅನುಮೋದನಾ ಸಮಿತಿ ಒಪ್ಪಿಗೆ ಕೊಟ್ಟೇಬಿಟ್ಟಿತು. ಆದರೆ ಆಗ ಕಾಗದ ಜನರ ಕೈಯಲ್ಲಿತ್ತು. ಪರಿಸರ ಮಂತ್ರಿ ಜೈರಾಂ ರಮೇಶ್ ಏಳು ನಗರಗಳಲ್ಲಿ ಸಭೆ ಕರೆದರು. ಕೊನೆಯದು ನಮ್ಮ ಬೆಂಗಳೂರಿನಲ್ಲಿ, 2010ರ ಫೆಬ್ರುವರಿ 6ರಂದು. ಮೂರನೆಯ ದಿನ, ಫೆಬ್ರುವರಿ 9ಕ್ಕೆ, ಬಿಟಿ ಬದನೆಗೆ ತಡೆ ಬಿತ್ತು. ಬಿಟಿ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದವನ್ನು ನಾನಿಲ್ಲಿ ಎತ್ತುತ್ತಿಲ್ಲ. ನಿಮ್ಮಲ್ಲಿ ಬಿಟಿ ಹತ್ತಿ ಬೆಳೆದು ಎರಡು ಕಾಸು ಕಂಡವರೂ ಇದ್ದೀರಿ, ಕಳೆದುಕೊಂಡವರೂ ಇದ್ದೀರಿ. ನಾನು ಹೇಳುವುದು ಇಷ್ಟೇ. ಹತ್ತಿಗೆ 2002ರಲ್ಲಿ ಒಪ್ಪಿಗೆ ಕೊಟ್ಟಾಗ ಮಾಹಿತಿ ಹಕ್ಕು ಇರಲಿಲ್ಲ. ಬದನೆಯ ಹೊತ್ತಿಗೆ ಇತ್ತು. ವ್ಯತ್ಯಾಸ ಕಣ್ಣಮುಂದೆಯೇ ಇದೆ.

ಈಚೆಗೆ ಸರ್ಕಾರದ ಬಾಯಲ್ಲಿ 'ಮುಕ್ತ ಮಾಹಿತಿ' ಎಂಬ ಮಾತು ಬಂದಿದೆ. 2013ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ತನ್ನ ವಿಜ್ಞಾನಿಗಳ ಲೇಖನಗಳನ್ನು ಎಲ್ಲರೂ ಓದುವಂತೆ ಇಡಬೇಕೆಂಬ ನೀತಿ ಮಾಡಿತು. ಒಳ್ಳೆಯದೇ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಇನ್ನೊಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು: 30 ಪ್ರಕಾಶಕರ ಸುಮಾರು 13,000 ವಿಜ್ಞಾನ ಪತ್ರಿಕೆಗಳಿಗೆ ಇಡೀ ದೇಶದ ಪರವಾಗಿ ಒಂದೇ ಚಂದಾ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಓದುವವರು ಸರ್ಕಾರಿ ಕಾಲೇಜು, ಸಂಶೋಧನಾಲಯಗಳ ಸುಮಾರು 1.8 ಕೋಟಿ ವಿದ್ಯಾರ್ಥಿ, ಅಧ್ಯಾಪಕ, ಸಂಶೋಧಕರು. ನಮ್ಮ ಮಕ್ಕಳು ಅದರಲ್ಲಿದ್ದಾರೆ, ಓದಿಕೊಳ್ಳಲಿ. ಆದರೆ ಯೋಜನೆಯ ಹೆಸರು 'ಒಂದು ದೇಶ ಒಂದು ಚಂದಾ'. ಆ ಒಂದು ದೇಶದೊಳಗೆ ರೈತ ಇಲ್ಲ. ಅವನ ಹೊಲದ ಮೇಲೆ ಪ್ರಯೋಗ ಮಾಡಿ ಬರೆದ ಲೇಖನವನ್ನು ಆತ ಓದಬೇಕಾದರೆ ಯಾವುದಾದರೂ ಕಾಲೇಜಿಗೆ ಸೇರಬೇಕು.

ಬೆಲೆಯ ವಿಷಯಕ್ಕೆ ಬಂದರೂ ಇದೇ ಕಥೆ. 1965ರಲ್ಲಿ ಕೃಷಿ ಬೆಲೆ ಆಯೋಗ ಆಯಿತು. 1970-71ರಿಂದ ಬೇಸಾಯದ ಖರ್ಚನ್ನು ಅಳೆಯುವ ಯೋಜನೆ ನಡೆದಿದೆ. ಆಯ್ದ ರೈತರ ಮನೆಗೆ ಬಂದು ಆಳಿನ ಕೂಲಿ, ಎತ್ತಿನ ಖರ್ಚು, ಗೊಬ್ಬರ ಎಲ್ಲ ಬರೆದುಕೊಳ್ಳುತ್ತಾರೆ. ಅದು ಅಚ್ಚಾಗಿ ಹೊರಬರುವ ಹೊತ್ತಿಗೆ ಗೊಬ್ಬರದ ದರ, ಕೂಲಿ ದರ ಎಲ್ಲ ಏರಿರುತ್ತದೆ. ಬೆಂಬಲ ಬೆಲೆಗೆ ಹಳೆಯ ಲೆಕ್ಕವನ್ನೇ ಅಂದಾಜಿನಲ್ಲಿ ಮುಂದಕ್ಕೆ ಎಳೆಯುತ್ತಾರೆ. ಆ ಅಂದಾಜಿನಲ್ಲಿ ನಮ್ಮ ಕೂಲಿ ಎಷ್ಟು ಹಿಡಿದರು, ಜಮೀನಿನ ಗೇಣಿ ಹಿಡಿದರೋ ಬಿಟ್ಟರೋ ಎಂಬುದರ ಮೇಲೆ ಕ್ವಿಂಟಾಲಿಗೆ ನೂರಾರು ರೂಪಾಯಿ ಹೆಚ್ಚುಕಡಿಮೆ ಆಗುತ್ತದೆ. 2018ರ ಬಜೆಟ್ಟಿನಲ್ಲಿ ಒಂದೂವರೆ ಪಟ್ಟು ಕೊಟ್ಟೆವು ಅಂದರಲ್ಲ, ಗೇಣಿಯನ್ನೂ ಬಂಡವಾಳದ ಬಡ್ಡಿಯನ್ನೂ ಬಿಟ್ಟ ಲೆಕ್ಕದ ಒಂದೂವರೆ ಪಟ್ಟು ಅದು. ನಮ್ಮ ಮನೆಯ ಲೆಕ್ಕವನ್ನೇ ನಮಗೆ ತೋರಿಸದೆ ಬೆಲೆ ಕಟ್ಟುತ್ತಾರೆ.

ಹಾಗಾದರೆ ನೀವು ಏನು ಮಾಡಬಹುದು? ಘೋಷಣೆ ಕೂಗುವುದು ಇದ್ದೇ ಇದೆ. ಅದರ ಜೊತೆಗೆ ಕೆಲವು ಕಾಗದ ಕೇಳಿ. ಖಾಸಗಿ ಕಂಪನಿಗಳ ಹೈಬ್ರಿಡ್‌ಗಳನ್ನು ನಮ್ಮ ವಿಶ್ವವಿದ್ಯಾಲಯಗಳು ಶುಲ್ಕ ಪಡೆದು ಪರೀಕ್ಷೆ ಮಾಡುತ್ತವೆ. ನಿಮ್ಮೂರಲ್ಲಿ ಮಾರುವ ಮೆಕ್ಕೆಜೋಳದ, ಹತ್ತಿಯ ಹೆಸರು ಬರೆದು ಕೇಳಿ: ಇದನ್ನು ಕರ್ನಾಟಕದ ಯಾವ ಯಾವ ಕೇಂದ್ರದಲ್ಲಿ, ಯಾವ ವರ್ಷ ಬೆಳೆದಿರಿ, ಮಳೆಯಾಶ್ರಯದಲ್ಲೋ ನೀರಾವರಿಯಲ್ಲೋ, ಎಕರೆಗೆ ಎಷ್ಟು ಬಂತು, ಪಕ್ಕದ ತಾಕಿನಲ್ಲಿ ಹೋಲಿಕೆಗೆ ಹಾಕಿದ ತಳಿಯಲ್ಲಿ ಎಷ್ಟು ಬಂತು? ಬೆಳೆವಿಮೆ ಕಟ್ಟಿದವರು ನಿಮ್ಮ ಗ್ರಾಮ ಪಂಚಾಯಿತಿಯ ಬೆಳೆ ಕಟಾವು ಪ್ರಯೋಗದ ಹಾಳೆ ಕೇಳಿ. ಯಾವ ಸರ್ವೆ ನಂಬರಿನಲ್ಲಿ ಕೊಯ್ದರು, ಎಷ್ಟು ತೂಗಿತು ಅದರಲ್ಲಿರುತ್ತದೆ. ವಿಮೆ ಹಣ ಬರುವುದೂ ಬಿಡುವುದೂ ಆ ತೂಕದ ಮೇಲೆ ನಿಂತಿದೆ.

ಬೀಜದ ಪಾಕೀಟು, ರಸೀದಿ ಎರಡನ್ನೂ ಬೆಳೆ ಕೈಸೇರುವ ತನಕ ಬಿಸಾಡಬೇಡಿ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೇ ಕಲಮಿನ ಪ್ರಕಾರ, ನೋಂದಾಯಿತ ತಳಿಯನ್ನು ರೈತನಿಗೆ ಮಾರಿದಾಗ ಆ ತಳಿಯ ತಳಿಗಾರ (ಬ್ರೀಡರ್) ಯಾವ ಪರಿಸ್ಥಿತಿಯಲ್ಲಿ ಎಷ್ಟು ಬರುತ್ತದೆ ಅಂತ ರೈತನಿಗೆ ಹೇಳಲೇಬೇಕು. ಬಾರದಿದ್ದರೆ ರೈತ ಪ್ರಾಧಿಕಾರದ ಮುಂದೆ ಪರಿಹಾರ ಕೇಳಬಹುದು. ಹೇಳಿದ್ದು ಎಷ್ಟು ಅಂತ ತೋರಿಸಲು ನಿಮ್ಮ ಹತ್ತಿರ ಕಾಗದ ಇರಬೇಕಷ್ಟೆ.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಕನ್ನಡದಲ್ಲೇ ಬರೆಯಿರಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಆದ್ದರಿಂದ ಕಷ್ಟಸುಖ ಬರೆಯಲು ಹೋಗದೆ ಬೇಕಾದ ದಾಖಲೆಯ ಹೆಸರು, ವರ್ಷ ಬರೆಯಿರಿ. 'ಸಲಹೆ ಕೊಡಿ' ಅಂತ ಬರೆದರೆ ಸಲಹೆ ಕೊಡುವುದು ನಮ್ಮ ಕೆಲಸವಲ್ಲ ಎಂದು ಹಿಂಬರಹ ಬರುತ್ತದೆ. 'ದಾಖಲೆಯ ನಕಲು ಕೊಡಿ' ಅಂತಲೇ ಬರೆಯಿರಿ. ಉತ್ತರಕ್ಕೆ 30 ದಿನ ಗಡುವು. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ತಾರೀಖು ಹಾಕಿಸಿಕೊಂಡೇ ಕಚೇರಿಯಿಂದ ಹೊರಗೆ ಬನ್ನಿ. ಉತ್ತರ ಬಾರದಿದ್ದರೆ ಮೇಲ್ಮನವಿಗೆ ಲಗತ್ತಿಸಬೇಕಾದ್ದು ಅದೇ ಹಾಳೆ.