ಮಗುವಿನ ಅಳುವಿಗೆ ಓಗೊಡೋಣ
(ಪಂಚನಹಳ್ಳಿಯ ಜುಮಾ ಪ್ರವಚನದ ಸಾರಾಂಶ)



ಪ್ರವಾದಿ ಮುಹಮ್ಮದ್(ಸ)ರು ನಮಾಝನ್ನು ದೀರ್ಘವಾಗಿ ನಿರ್ವಹಿಸಬೇಕೆಂದು ನಿಲ್ಲುತ್ತಿದ್ದರು. ಅಷ್ಟರಲ್ಲಿ ಮಗುವಿನ ಅಳು ಕೇಳಿಸಿದರೆ, ತಾಯಿಯ ಸಂಕಟವನ್ನು ನೆನೆದು ನಮಾಝನ್ನು ಚಿಕ್ಕದಾಗಿಸುತ್ತಿದ್ದರು. ಬುಖಾರಿಯಲ್ಲಿರುವ ಈ ವರದಿಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಆದರೆ ನಮ್ಮ ಮನೆಯ ಮಗು ಅತ್ತಾಗ ಏನು ಹೇಳುತ್ತೇವೆ? “ಎತ್ತಿಕೊಳ್ಳಬೇಡ, ರೂಢಿಯಾಗಿಬಿಡುತ್ತೆ” ಎನ್ನುತ್ತೇವೆ. ಇಲ್ಲವೇ, “ಒಳಗೆ ಕರೆದುಕೊಂಡು ಹೋಗು” ಎಂದು ಹೆಂಡತಿಯನ್ನು ಗದರುತ್ತೇವೆ.

ಮಾತು ಬಾರದ ಕೂಸಿಗೆ ಅಳುವೇ ಮಾತು. ಕರೆದಾಗಲೆಲ್ಲ ಪರಿಚಿತ ಮುಖವೊಂದು ಬಂದರೆ, ‘ನನಗೆ ನನ್ನವರಿದ್ದಾರೆ’ ಎಂಬ ಭರವಸೆ ಅದರಲ್ಲಿ ಬೇರೂರುತ್ತದೆ. ಸಿಲ್ವಿಯಾ ಬೆಲ್ ಮತ್ತು ಮೇರಿ ಐನ್ಸ್‌ವರ್ತ್ ಎಂಬ ಸಂಶೋಧಕಿಯರು ಅಮೆರಿಕದಲ್ಲಿ 26 ತಾಯಿ-ಮಕ್ಕಳನ್ನು ಒಂದು ವರ್ಷ ಗಮನಿಸಿ, 1972ರಲ್ಲಿ ವರದಿ ಪ್ರಕಟಿಸಿದರು. ಅತ್ತ ಕೂಡಲೇ ಓಗೊಟ್ಟ ತಾಯಂದಿರ ಮಕ್ಕಳು ವರ್ಷದ ಕೊನೆಗೆ ಕಡಿಮೆ ಅಳುತ್ತಿದ್ದರು. ಎತ್ತಿಕೊಂಡರೆ ಹಠ ಕಲಿಯುತ್ತದೆಂಬ ಭಯವನ್ನು ನಾವು ಬಿಡೋಣ.

ಹುಟ್ಟಿದ ಕೂಸಿಗೆ ತುಸು ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು ಮಾತ್ರ. ಹಾಲೂಡುವಾಗ ತಾಯಿಯ ಮುಖವೂ ಅಷ್ಟೇ ದೂರದಲ್ಲಿರುತ್ತದೆ. ಸುಬ್‌ಹಾನಲ್ಲಾಹ್! ಆ ಪುಟ್ಟ ಕಣ್ಣುಗಳು ಮುಖವನ್ನು ಹುಡುಕುವಾಗ ನಮ್ಮ ಕಣ್ಣು ಮೊಬೈಲಿನ ಮೇಲಿರದಿರಲಿ.

ದುಡಿಮೆಗಾಗಿ ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುವ ತಂದೆ ರಜೆಯಲ್ಲಿ ಬಂದಾಗ, ಎಂಟು ತಿಂಗಳ ಮಗು ಅವನನ್ನು ಕಂಡು ಅಳುವುದುಂಟು. ಅವನು ನೊಂದುಕೊಳ್ಳಬೇಕಿಲ್ಲ. ತನ್ನವರು ಯಾರು, ಹೊಸಬರು ಯಾರು ಎಂದು ಮಗು ಗುರುತಿಸುವ ಪ್ರಾಯವದು. ತಾಯಿಯ ಮಡಿಲಿಂದ ಕಸಿದುಕೊಳ್ಳದೆ, ಪಕ್ಕದಲ್ಲಿ ಕುಳಿತು ಮಾತನಾಡಿಸಲಿ. ಬಟ್ಟೆ ಬದಲಿಸಲಿ, ತೊಟ್ಟಿಲು ತೂಗಲಿ. ಕೆಲವೇ ದಿನಗಳಲ್ಲಿ ಮಗು ತಾನಾಗಿ ಕೈ ಚಾಚುತ್ತದೆ.

ತೋಟಕ್ಕೆ, ಕೂಲಿಗೆ ಹೋಗುವ ತಾಯಂದಿರು ಮಗುವನ್ನು ಬಿಟ್ಟು ಹೋಗಲೇಬೇಕಾಗುತ್ತದೆ. ಅವರನ್ನು ದೂಷಿಸಬೇಡಿ. ಮನೆಯ ದಾದಿಯಾಗಲಿ, ಪಂಚಾಯಿತಿಗಳ ‘ಕೂಸಿನ ಮನೆ’ಯಲ್ಲಿ ನೋಡಿಕೊಳ್ಳುವವರಾಗಲಿ, ದಿನವೂ ಅದೇ ಮಡಿಲು ಪ್ರೀತಿಯಿಂದ ಸಿಕ್ಕರೆ ಮಗು ಅವರನ್ನೂ ನಂಬುತ್ತದೆ. ನಮ್ಮ ಪ್ರವಾದಿ(ಸ)ರ ಎಳವೆಯೂ ಹಲೀಮಾ(ರ)ರ ಮಡಿಲಲ್ಲಿ ಕಳೆಯಿತಲ್ಲವೇ?

ಇನ್ನೊಂದು ಮಾತು. ಹೆರಿಗೆಯಾಗಿ ಎರಡು ವಾರ ಕಳೆದರೂ ಬಾಣಂತಿ ಮಂಕಾಗಿದ್ದರೆ, ಮಗುವಿನ ಮೇಲೆ ಮನಸ್ಸೇ ಬರುತ್ತಿಲ್ಲವೆಂದರೆ, ಅದನ್ನು ಸೋಮಾರಿತನವೆನ್ನದಿರೋಣ. ಅದು ಕಾಯಿಲೆಯಾಗಿರಬಹುದು. ಆಶಾ ಕಾರ್ಯಕರ್ತೆಗೆ ತಿಳಿಸಿ, ವೈದ್ಯರ ಬಳಿ ಕರೆದೊಯ್ಯೋಣ. ಆಕೆ ನಿದ್ದೆ ಮಾಡುವಷ್ಟು ಹೊತ್ತು ಮಗುವನ್ನು ನಾವು ಹೊರೋಣ. ಮೊಮ್ಮಗಳು ಉಮಾಮಾರನ್ನು ಹೊತ್ತುಕೊಂಡೇ ಪ್ರವಾದಿ(ಸ)ರು ನಮಾಝ್ ನಿರ್ವಹಿಸಿದ್ದರು. ಸುಜೂದ್‌ಗೆ ಹೋಗುವಾಗ ಇಳಿಸಿ, ಎದ್ದಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ನಮ್ಮ ಹೆಗಲಿಗೇನು ಭಾರ?

ಮಕ್ಕಳು ಅಲ್ಲಾಹನು ನಮಗೆ ವಹಿಸಿದ ಅಮಾನತ್. ಅವರ ಕರೆಗೆ ಓಗೊಡುವ ಕಾರುಣ್ಯವನ್ನು ಅವನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.