ಬಾವಿಯ ಬಾಯಲ್ಲಿ ಕೂತ ತೆರಿಗೆ

ಪೆಟ್ರೋಲ್ ಬಂಕಿನ ದರದ ಬಗ್ಗೆ ಈ ಕಾರ್ಯಕ್ರಮದಲ್ಲಿ ಬೇಕಾದಷ್ಟು ಸಲ ಜಗಳ ಆಡಿದ್ದೇವೆ. ಇವತ್ತು ಬಂಕ್ ಬಿಟ್ಟು ಎಣ್ಣೆ ಬಾವಿಯ ಹತ್ತಿರ ಹೋಗೋಣ. ನೆಲದಿಂದ ಎಣ್ಣೆ ತೆಗೆಯುವವನ ಹತ್ತಿರ ಸರ್ಕಾರ ಎಷ್ಟು ಕೇಳಬೇಕು, ಹೇಗೆ ಕೇಳಬೇಕು? ನಾವು ಬಳಸುವ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಹೊರಗಿನಿಂದ ಬರೋದು, ಡಾಲರ್ ಕೊಟ್ಟು ತರಿಸೋದು. ಹಾಗಾಗಿ ಇದು ಬರೀ ಕಂಪನಿಗಳ ತಲೆನೋವಲ್ಲ.

ರಾಜಸ್ಥಾನದ ಬಾರ್ಮೇರ್ ನೋಡಿ. 2004ರ ಜನವರಿಯಲ್ಲಿ ಅಲ್ಲಿನ ಮರುಭೂಮಿಯಲ್ಲಿ ಕೇರ್ನ್ ಕಂಪನಿಗೆ ದೊಡ್ಡ ನಿಕ್ಷೇಪ ಸಿಕ್ಕಿತು. ಅದಕ್ಕಿಟ್ಟ ಹೆಸರು ಮಂಗಳಾ. 2009ರ ಆಗಸ್ಟ್ 29ರಂದು ಪ್ರಧಾನಿ ಮನಮೋಹನ್ ಸಿಂಗ್ ಉತ್ಪಾದನೆಗೆ ಚಾಲನೆ ಕೊಟ್ಟರು. ಈ ಎಣ್ಣೆ ಮೇಣದಂಥದ್ದು, ಚಳಿಗಾಲದ ಕೊಬ್ಬರಿ ಎಣ್ಣೆ ಥರ ಗಟ್ಟಿಯಾಗಿಬಿಡುತ್ತೆ. ಗುಜರಾತ್ ಕರಾವಳಿವರೆಗೆ ಸುಮಾರು 670 ಕಿಲೋಮೀಟರ್ ಪೈಪ್‌ಲೈನನ್ನು ಉದ್ದಕ್ಕೂ ಬಿಸಿಯಾಗಿ ಇಟ್ಟುಕೊಂಡೇ ಸಾಗಿಸಬೇಕು. ನಮ್ಮ ಎಂಆರ್‌ಪಿಎಲ್ ಕೂಡ ಈ ಎಣ್ಣೆ ಕೊಂಡು ಸಂಸ್ಕರಿಸಿದೆ. ಮಂಗಳಾದಿಂದ ಮಂಗಳೂರಿಗೆ! ಎಂಜಿನಿಯರಿಂಗ್ ಓದಿದ ನನಗೆ ಆ ಪೈಪ್ ಬಗ್ಗೆಯೇ ಅರ್ಧ ಗಂಟೆ ಮಾತಾಡುವ ಆಸೆ. ಆದರೆ ತೊಡಕಿದ್ದದ್ದು ಕಾಗದದಲ್ಲಿ.

ಈ ಪ್ರದೇಶದ ಒಪ್ಪಂದ 1995ರದ್ದು. ವಿದೇಶಿ ಕಂಪನಿಗಳು ಇತ್ತ ಬರಲಿ ಅಂತ ಸರ್ಕಾರ ಆಗ ಒಂದು ಆಮಿಷ ಇಟ್ಟಿತ್ತು. ರಾಯಲ್ಟಿ ಪೂರ್ತಿ ಒಎನ್‌ಜಿಸಿ ಕಟ್ಟುತ್ತೆ ಅಂತ. ರಾಯಲ್ಟಿ ಅಂದರೆ ನೆಲದೊಡೆಯನಿಗೆ ಕೊಡುವ ಗೇಣಿ ಇದ್ದ ಹಾಗೆ. ಬೆಳೆಯಲ್ಲಿ ಲಾಭ ಬಂತೋ ನಷ್ಟವಾಯ್ತೋ, ಗೇಣಿ ಅಳೆಯಲೇಬೇಕು. ಮುಂದೆ ಈ ಕ್ಷೇತ್ರದಲ್ಲಿ ಒಎನ್‌ಜಿಸಿ ಪಾಲು ಶೇಕಡಾ 30, ಕೇರ್ನ್ ಪಾಲು 70. ಮೂವತ್ತರ ಪಾಲುದಾರ ನೂರರ ಗೇಣಿ ಕಟ್ಟೋದು ಯಾವ ಊರಿನ ಲೆಕ್ಕ? 2011ರಲ್ಲಿ ಕೇರ್ನ್ ಇಂಡಿಯಾವನ್ನು ವೇದಾಂತ ಕೊಳ್ಳಲು ಬಂದಾಗ ಸರ್ಕಾರ ಷರತ್ತು ಹಾಕಿತು. ರಾಯಲ್ಟಿಯನ್ನು ಯೋಜನೆಯ ವೆಚ್ಚದಲ್ಲೇ ಸೇರಿಸಿ, ಹೊರೆ ಹಂಚಿಕೊಳ್ಳಿ ಅಂತ. ಒಎನ್‌ಜಿಸಿಗೆ ಅದು ನ್ಯಾಯವೇ. ಆದರೆ ಸರಿಪಡಿಸೋಕೆ ಆರಿಸಿಕೊಂಡ ಹೊತ್ತು ನೋಡಿ. ಎಣ್ಣೆ ಹರಿಯೋಕೆ ಶುರುವಾದ ಮೇಲೆ, ಕಂಪನಿ ಮಾರಾಟದ ಸಹಿ ಬೇಕಾದಾಗ.

ಇನ್ನು ಸೆಸ್. ಇಲ್ಲಿ ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕೋಣ. 2012ರ ಬಜೆಟ್‌ನಲ್ಲಿ ಕಚ್ಚಾ ತೈಲದ ಸೆಸ್ ಟನ್ನಿಗೆ 2,500 ರೂಪಾಯಿಯಿಂದ 4,500ಕ್ಕೆ ಏರಿತು. ಒಂದು ಟನ್ ಅಂದರೆ ಏಳು ಬ್ಯಾರೆಲ್‌ಗಿಂತ ಸ್ವಲ್ಪ ಜಾಸ್ತಿ. ಹಾಗಾದರೆ ಬ್ಯಾರೆಲ್‌ಗೆ ಸುಮಾರು 600 ರೂಪಾಯಿ, ಅವತ್ತಿನ ಲೆಕ್ಕದಲ್ಲಿ ಹನ್ನೆರಡು ಡಾಲರ್. ಬ್ಯಾರೆಲ್ ಬೆಲೆ 110 ಡಾಲರ್ ಇದ್ದಾಗ ಹನ್ನೆರಡು ಹೋದರೆ ಯಾರೂ ಸಾಯಲ್ಲ. ಆದರೆ 2016ರ ಜನವರಿಯಲ್ಲಿ ಬೆಲೆ 30 ಡಾಲರ್‌ಗಿಂತ ಕೆಳಗೆ ಬಿತ್ತು. ಸೆಸ್ ಮಾತ್ರ ಅದೇ 4,500. ರೂಪಾಯಿ ಕುಸಿದಿದ್ದರಿಂದ ಡಾಲರ್ ಲೆಕ್ಕದಲ್ಲಿ ಒಂಬತ್ತು ಅಂತಿಟ್ಟುಕೊಳ್ಳಿ. ಹತ್ತರಲ್ಲಿ ಒಂದು ಪಾಲು ಇದ್ದದ್ದು ಮೂರರಲ್ಲಿ ಒಂದು ಪಾಲಿನ ಹತ್ತಿರ ಬಂತು! ಅದರ ಮೇಲೆ ರಾಯಲ್ಟಿ ಬೇರೆ. ಬರಗಾಲದಲ್ಲಿ ಗೇಣಿ ತಾನೇ ದುಬಾರಿಯಾದಂತೆ. ಆ ವರ್ಷದ ಬಜೆಟ್‌ನಲ್ಲಿ ಸೆಸ್ಸನ್ನು ಬೆಲೆಯ ಶೇಕಡಾ 20 ಅಂತ ಬದಲಾಯಿಸಿದರು. ಬೆಲೆಯ ಜೊತೆ ಏರಿಳಿಯುವ ಸೂತ್ರ. ಇದು ಸರಿಯಾದ ಹೆಜ್ಜೆ, ಪ್ರಮಾಣ ಜಾಸ್ತಿಯಾಯ್ತು ಅನ್ನೋದು ಬೇರೆ ಮಾತು.

ಹಾಗಾದರೆ ಕಥೆ ಮುಗಿಯಿತಾ? ಇಲ್ಲ. ಉಕ್ರೇನ್ ಯುದ್ಧದಿಂದ ಬೆಲೆ ಗಗನಕ್ಕೇರಿತು. 2022ರ ಜುಲೈ 1ರಂದು ಸರ್ಕಾರ ಟನ್ನಿಗೆ 23,250 ರೂಪಾಯಿ ವಿಶೇಷ ಸುಂಕ ಹಾಕಿತು. ಬ್ಯಾರೆಲ್‌ಗೆ ಸುಮಾರು ನಲವತ್ತು ಡಾಲರ್. ಅನಾಯಾಸವಾಗಿ ಬಂದ ಲಾಭದಲ್ಲಿ ಜನರಿಗೂ ಪಾಲಿರಬೇಕು ಅನ್ನೋದನ್ನು ನಾನು ಪೂರ್ತಿ ಒಪ್ತೀನಿ. ಯುದ್ಧ ಮಾಡಿಸಿದ್ದು ಕಂಪನಿಯ ಜಾಣತನವಲ್ಲವಲ್ಲ. ನನ್ನ ತಕರಾರು ವಿಧಾನದ ಬಗ್ಗೆ. ಹದಿನೈದು ದಿನಕ್ಕೊಮ್ಮೆ ದರ ಪರಿಷ್ಕರಣೆ, ಕೆಲವೊಮ್ಮೆ ಸೊನ್ನೆ, ಮತ್ತೆ ಸಾವಿರಗಟ್ಟಲೆ. 2024ರ ಡಿಸೆಂಬರ್‌ನಲ್ಲಿ ರದ್ದು. ಬಾವಿ ಕೊರೆಯುವವನು ಇಪ್ಪತ್ತು ವರ್ಷದ ಲೆಕ್ಕ ಹಾಕುತ್ತಾನೆ ಸ್ವಾಮಿ. ಅವನಿಗೆ ಮುಂದಿನ ಹದಿನೈದು ದಿನದ ತೆರಿಗೆಯೇ ಗೊತ್ತಿಲ್ಲ.

ಇನ್ನೊಂದು ವಿಷಯ, ಇದು ಕರ್ನಾಟಕಕ್ಕೂ ತಾಗುತ್ತೆ. ರಾಯಲ್ಟಿ ರಾಜಸ್ಥಾನಕ್ಕೆ ಹೋಗುತ್ತೆ. ಸೆಸ್ ಮತ್ತು ವಿಶೇಷ ಸುಂಕ ಕೇಂದ್ರದ ಜೇಬಿಗೆ, ರಾಜ್ಯಗಳೊಂದಿಗೆ ಹಂಚುವ ಬುಟ್ಟಿಗೆ ಬೀಳೋದೇ ಇಲ್ಲ. ಬೆಲೆ ಏರಿದಾಗ ದಿಲ್ಲಿಗೆ ಸೆಸ್ ಯಾಕೆ ಇಷ್ಟ ಅಂತ ಈಗ ಅರ್ಥವಾಯ್ತಲ್ಲ?

'ತೆರಿಗೆ ಇಳಿಸಿ, ಕಂಪನಿಗಳು ಓಡಿ ಬರ್ತಾವೆ' ಅನ್ನುವವರಿಗೆ ನಾರ್ವೆ ತೋರಿಸ್ತೀನಿ. ಅಲ್ಲಿ ತೈಲ ಲಾಭದ ಮೇಲೆ ತೆರಿಗೆ ಶೇಕಡಾ 78. ಆದರೂ ಕಂಪನಿಗಳು ಸಮುದ್ರದಲ್ಲಿ ಕೊರೆಯುತ್ತಲೇ ಇವೆ. ಯಾಕೆ? ತೆರಿಗೆ ಲಾಭದ ಮೇಲೆ. ಲಾಭವಿಲ್ಲದಿದ್ದರೆ ಅದೂ ಇಲ್ಲ. ಹುಡುಕಿ ಹುಡುಕಿ ಎಣ್ಣೆ ಸಿಗದಿದ್ದರೆ ಆ ಖರ್ಚಿನ ದೊಡ್ಡ ಭಾಗವನ್ನು ತೆರಿಗೆ ಲೆಕ್ಕದಲ್ಲಿ ಸರ್ಕಾರವೇ ಹೊರುತ್ತೆ. ಲಾಭದಲ್ಲಿ ಪಾಲುದಾರ, ನಷ್ಟದಲ್ಲೂ ಪಾಲುದಾರ. ನಮ್ಮ ರಾಯಲ್ಟಿ, ಸೆಸ್ ಎರಡೂ ಮಾರಾಟದ ಮೊತ್ತದ ಮೇಲೆ ಬೀಳುತ್ತವೆ. ಹಳೆಯ ಬಾವಿ, ಕಷ್ಟದ ಬಾವಿಗಳಿಗೆ ಮೊದಲು ಬೀಗ ಬೀಳೋದು ಅದಕ್ಕೇ.

ದೇಶದ ಕಚ್ಚಾ ತೈಲ ಉತ್ಪಾದನೆ 2011-12ರಲ್ಲಿ ಸುಮಾರು 3.8 ಕೋಟಿ ಟನ್. 2022-23ರಲ್ಲಿ ಸುಮಾರು 2.9 ಕೋಟಿ. ಇದೆಲ್ಲಾ ತೆರಿಗೆಯಿಂದ ಅಂತ ಹೇಳಿದರೆ ಸುಳ್ಳಾಗುತ್ತೆ. ಬಾಂಬೆ ಹೈನಂಥ ನಮ್ಮ ದೊಡ್ಡ ಕ್ಷೇತ್ರಗಳಿಗೆ ವಯಸ್ಸಾಗಿದೆ. ಆದರೆ ಆ ಜಾಗ ತುಂಬುವ ಹೊಸ ಬಾವಿಗಳು ಬರಲಿಲ್ಲ ಅನ್ನೋದೂ ನಿಜ.

2025ರಲ್ಲಿ ಸಂಸತ್ತು ತೈಲಕ್ಷೇತ್ರ ಕಾಯ್ದೆಗೆ ತಿದ್ದುಪಡಿ ತಂದಿದೆ. ಗುತ್ತಿಗೆಯ ಅವಧಿಗೆ, ಷರತ್ತುಗಳಿಗೆ ಸ್ಥಿರತೆ ಕೊಡುತ್ತೇವೆ ಅಂತ ಭರವಸೆ. ಸ್ವಾಗತ. ಆದರೆ ಸೆಸ್ ಬರೋದು 1974ರ ಬೇರೊಂದು ಕಾಯ್ದೆಯಿಂದ. 2022ರ ವಿಶೇಷ ಸುಂಕ ಬಂದದ್ದು ಹಣಕಾಸು ಸಚಿವಾಲಯದ ಅಧಿಸೂಚನೆಯಿಂದ. ಮಾತು ಕೊಟ್ಟದ್ದು ಪೆಟ್ರೋಲಿಯಂ ಸಚಿವಾಲಯ, ಕತ್ತರಿ ಇರೋದು ಪಕ್ಕದ ಸಚಿವಾಲಯದ ಕೈಯಲ್ಲಿ. ಬೆಲೆ ಎಷ್ಟು ಡಾಲರ್ ದಾಟಿದರೆ ಎಷ್ಟು ಹೆಚ್ಚುವರಿ ಪಾಲು ಅಂತ ಒಪ್ಪಂದದಲ್ಲೇ ಮೊದಲೇ ಬರೆದುಬಿಡೋಕೆ ಏನು ಅಡ್ಡಿ? ಇದಕ್ಕೆ ಎರಡೂ ಸಚಿವಾಲಯಗಳು ಒಟ್ಟಿಗೆ ಕೂತು ಉತ್ತರ ಕೊಡಬೇಕು, ಅದೂ ಮುಂದಿನ ಹರಾಜಿಗೆ ಮುಂಚೆ.