ಮಗುವಿನ ಮೈಮೇಲಿನ ಮಾಸಲು ಮಚ್ಚೆಗಳು
(ಸುವರ್ಣ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಜ್ವರ, ಕೆಮ್ಮು, ರಕ್ತಹೀನತೆಯ ವಿಷಯ ನೀವು ಬಹಳ ಸಲ ಕೇಳಿದ್ದೀರಿ. ಇಂದು ನಾನು ಅಪರೂಪದ ಒಂದು ಕಾಯಿಲೆಯ ಬಗ್ಗೆ ಮಾತನಾಡುತ್ತೇನೆ. ಅದರ ಹೆಸರು ಟ್ಯೂಬರಸ್ ಸ್ಕ್ಲೆರೋಸಿಸ್. ಸುಮಾರು 6,000 ಮಕ್ಕಳಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಇರುತ್ತದೆ. ಇದರ ಮೊದಲ ಗುರುತು ಚರ್ಮದ ಮೇಲೆ ಕಾಣುತ್ತದೆ. ಅದನ್ನು ವೈದ್ಯರಿಗಿಂತ ಮೊದಲು ನೋಡುವವರು ಮಗುವಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವ ನಮ್ಮ ಅಜ್ಜಿಯರು. ಅದಕ್ಕೇ ಈ ವಿಷಯವನ್ನು ಊರಿನವರ ಮುಂದೆ ಹೇಳಬೇಕೆನಿಸಿತು.

1880ರಲ್ಲಿ ಫ್ರಾನ್ಸಿನ ಬೂರ್ನ್‌ವಿಲ್ ಎಂಬ ವೈದ್ಯರು, ಫಿಟ್ಸ್‌ನಿಂದ ತೀರಿಕೊಂಡ ಹುಡುಗಿಯೊಬ್ಬಳ ಮೆದುಳಿನಲ್ಲಿ ಗೆಡ್ಡೆಯಂಥ ಗಟ್ಟಿ ಭಾಗಗಳನ್ನು ಕಂಡು ಈ ಹೆಸರಿಟ್ಟರು. ಗರ್ಭದಲ್ಲಿ ಚರ್ಮ ಮತ್ತು ಮೆದುಳು ಒಂದೇ ಹೊರಪದರದಿಂದ ಬೆಳೆಯುತ್ತವೆ. ಆದ್ದರಿಂದ ಒಳಗಿನ ತೊಂದರೆಯ ಸುಳಿವು ಹೊರಗೆ ಕಾಣುತ್ತದೆ.

ಏನು ನೋಡಬೇಕು? ಹುಟ್ಟಿದಾಗ ಅಥವಾ ಮೊದಲ ತಿಂಗಳುಗಳಲ್ಲಿ ಮೈಮೇಲೆ, ಕೈಕಾಲುಗಳ ಮೇಲೆ ಮಾಸಲು ಬಿಳಿ ಮಚ್ಚೆಗಳು ಕಾಣುತ್ತವೆ. ಕೆಲವು ಎಲೆಯಂತೆ ಒಂದು ತುದಿ ದುಂಡಗೆ, ಇನ್ನೊಂದು ತುದಿ ಚೂಪಾಗಿ ಇರುತ್ತವೆ. ಒಂದೆರಡು ಮಚ್ಚೆ ಆರೋಗ್ಯವಂತ ಮಕ್ಕಳಲ್ಲೂ ಇರಬಹುದು, ಹೆದರಬೇಕಿಲ್ಲ. 5 ಮಿಲಿಮೀಟರಿಗಿಂತ ದೊಡ್ಡ ಮಚ್ಚೆಗಳು ಮೂರು ಅಥವಾ ಹೆಚ್ಚು ಇದ್ದರೆ ವೈದ್ಯರಿಗೆ ತೋರಿಸಬೇಕು.

ಇದು ತೊನ್ನಲ್ಲ. ತೊನ್ನು ಸಾಮಾನ್ಯವಾಗಿ ಆಮೇಲೆ ಬರುತ್ತದೆ, ಸುಣ್ಣದಂತೆ ಬೆಳ್ಳಗಿರುತ್ತದೆ, ಹರಡುತ್ತದೆ. ಕುಷ್ಠವೂ ಅಲ್ಲ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಕಡಿಮೆಯಾಗುತ್ತದೆ, ಇದರಲ್ಲಿ ಸ್ಪರ್ಶ ಚೆನ್ನಾಗಿರುತ್ತದೆ. ಇದು ಗ್ರಹಣದ ಮಚ್ಚೆ ಅಂತೂ ಖಂಡಿತ ಅಲ್ಲ.

ಇನ್ನು ಮುಖ್ಯವಾದ ಮಾತು. ಇಂಥ ಮಗುವಿಗೆ ಒಂದು ವರ್ಷ ತುಂಬುವುದರೊಳಗೆ, ಹೆಚ್ಚಾಗಿ ನಾಲ್ಕರಿಂದ ಎಂಟನೆಯ ತಿಂಗಳಲ್ಲಿ, ಒಂದು ಬಗೆಯ ಫಿಟ್ಸ್ ಶುರುವಾಗಬಹುದು. ನಿದ್ದೆಯಿಂದ ಎದ್ದಾಗ ತಲೆ ಬಾಗುತ್ತದೆ, ಎರಡೂ ಕೈ ಚಾಚಿಕೊಳ್ಳುತ್ತವೆ, ಒಂದೆರಡು ಸೆಕೆಂಡಿನಲ್ಲಿ ಸರಿಹೋಗುತ್ತದೆ. ಮತ್ತೆ ಅದೇ, ಮತ್ತೆ ಅದೇ, ಸಾಲಾಗಿ. ಮನೆಯವರು ಹೊಟ್ಟೆನೋವು, ಬೆಚ್ಚಿಬಿತ್ತು, ಬಾಲಗ್ರಹ ಎಂದುಕೊಂಡು ತಾಯತ ಕಟ್ಟಿಸುತ್ತಾರೆ. ಹೀಗೆ ಕಳೆಯುವ ಒಂದೊಂದು ವಾರವೂ ಮಗುವಿನ ಬುದ್ಧಿಯ ಬೆಳವಣಿಗೆಗೆ ಹೊಡೆತ. ಮೊಬೈಲಿನಲ್ಲಿ ಅದರ ವಿಡಿಯೋ ತೆಗೆದುಕೊಂಡು ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಇಇಜಿ ಪರೀಕ್ಷೆಯಿಂದ ತಿಳಿಯುತ್ತದೆ. ಈ ಕಾಯಿಲೆಯ ಫಿಟ್ಸ್‌ಗೆ ವಿಗಾಬ್ಯಾಟ್ರಿನ್ ಎಂಬ ಔಷಧ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಯಿಲೆಯನ್ನೇ ಬೇರುಸಹಿತ ಕಿತ್ತುಹಾಕುವ ಮದ್ದಿಲ್ಲ. ಆದರೆ ಫಿಟ್ಸ್ ಬೇಗ ಹತೋಟಿಗೆ ಬಂದರೆ ಮಗು ಕಲಿಯುವ ಅವಕಾಶ ಹೆಚ್ಚು.

ಶಿಕ್ಷಕ ಮಿತ್ರರಿಗೆ ಒಂದು ಕೋರಿಕೆ. ಮೂಗಿನ ಎರಡೂ ಬದಿ, ಕೆನ್ನೆಯ ಮೇಲೆ ಕೀವಿಲ್ಲದ ಸಣ್ಣ ಕೆಂಪು ಗುಳ್ಳೆಗಳು ಎರಡನೇ, ಮೂರನೇ ತರಗತಿಯ ಮಗುವಿಗೆ ಕಂಡರೆ ಅದು ಮೊಡವೆ ಆಗಿರಲಾರದು, ಆ ವಯಸ್ಸಿಗೆ ಮೊಡವೆ ಬರುವುದು ಬಲು ಅಪರೂಪ. ಜೊತೆಗೆ ಫಿಟ್ಸ್ ಅಥವಾ ಕಲಿಕೆಯ ತೊಂದರೆ ಇದ್ದರೆ ಪೋಷಕರಿಗೆ ಹೇಳಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೂ ಅಂಗನವಾಡಿಗೂ ಬರುತ್ತದೆ. ಅವರ ಮುಂದೆ ಆ ಮಗುವನ್ನು ನಿಲ್ಲಿಸಿ. ಇದು ಅಂಟುರೋಗವಲ್ಲ, ಆ ಮಗುವನ್ನು ಬೇರೆ ಬೆಂಚಿನಲ್ಲಿ ಕೂರಿಸಬೇಡಿ.

ಸೊಸೆಯನ್ನೂ ದೂರಬೇಡಿ. ಮೂವರಲ್ಲಿ ಇಬ್ಬರು ಮಕ್ಕಳಿಗೆ ಈ ಕಾಯಿಲೆ ತಂದೆತಾಯಿಯಿಂದ ಬಂದಿರುವುದಿಲ್ಲ, ವಂಶವಾಹಿಯಲ್ಲಿ ಹೊಸದಾಗಿ ಆದ ಬದಲಾವಣೆಯಿಂದ ಬರುತ್ತದೆ. ಉಳಿದವರಿಗೆ ತಂದೆಯಿಂದಲೂ ಬರಬಹುದು, ತಾಯಿಯಿಂದಲೂ ಬರಬಹುದು. ಹಾಗಾಗಿ ಇಬ್ಬರ ಚರ್ಮವನ್ನೂ ವೈದ್ಯರು ನೋಡುತ್ತಾರೆ. ಮುಂದಿನ ಮಗುವಿಗೆ ಮೊದಲು ಸಲಹೆ ಪಡೆಯಲು ಇದು ಬೇಕು.

ನಮಗೆ ಹರಿಹರದಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇವೆ. ಹೆಚ್ಚಿನ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ದಾರಿ ದೂರವಿಲ್ಲ, ಹೊರಡುವುದು ತಡವಾಗಬಾರದು ಅಷ್ಟೆ.

ಇಂದು ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳೇ, ಮನೆಗೆ ಹೋಗಿ ಇದನ್ನು ನಿಮ್ಮ ಅಜ್ಜಿಗೆ, ಅಕ್ಕನಿಗೆ ಹೇಳಿ. ಒಂದು ಮಗುವಿಗೆ ಒಂದು ತಿಂಗಳು ಮೊದಲು ಔಷಧ ಸಿಕ್ಕರೂ ಈ ಗೋಷ್ಠಿ ಸಾರ್ಥಕ.